ಯಾರೂ ಬಳಸದ ನೀರಿನ ಲೆಕ್ಕ

(ಇದು ಮಾತಾಡಿದ್ದರ ಬರಹ ರೂಪ. ಪರದೆಯ ಮೇಲೆ ತೋರಿಸಿದ ಗ್ರಾಫ್‌ಗಳನ್ನು ಇಲ್ಲಿ ಬಾಯಿಮಾತಿನಲ್ಲೇ ಹೇಳಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ನಾನು ಎಡವಿದ ಕಥೆ ಹೇಳಿಬಿಡುತ್ತೇನೆ. ಮನೆಯ ನೀರಿನ ಲೆಕ್ಕ ಇಡೋಣ ಅಂತ ಹೊರಟಾಗ ನಾನು ಬರೆದ ಮೊದಲ ಪ್ರೋಗ್ರಾಮ್ ನೋಡಲು ಬಹಳ ಚೆನ್ನಾಗಿತ್ತು. ಬಣ್ಣಬಣ್ಣದ ಚಕ್ರ, ತಿಂಗಳ ಗುರಿ, ಮನೆಯ ನಾಲ್ಕು ಜನರಿಗೂ ಒಂದೊಂದು ಹೆಸರಿನ ಪಟ್ಟಿ. ಯಾರು ಎಷ್ಟು ಹೊತ್ತು ಸ್ನಾನ ಮಾಡಿದರು ಅಂತ ಅವರೇ ಬಂದು ಬರೆಯಬೇಕು. ಮೂರನೇ ದಿನಕ್ಕೆ ಮಗಳು ಎಲ್ಲದಕ್ಕೂ '2 ನಿಮಿಷ' ಅಂತ ತುಂಬಿಸತೊಡಗಿದಳು. ಐದನೇ ದಿನ ನನ್ನ ಹೆಂಡತಿ, "ಮನೆಯಲ್ಲಿ ಪೊಲೀಸ್ ಠಾಣೆ ಇಟ್ಟಿದ್ದೀರಾ?" ಅಂತ ಕೇಳಿದಳು. ಎರಡು ವಾರಕ್ಕೆ ಪ್ರೋಗ್ರಾಮ್ ಸತ್ತಿತು.

ಮತ್ತೆ ಶುರುಮಾಡಿದಾಗ ಒಂದು ನಿಯಮ ಇಟ್ಟುಕೊಂಡೆ. ಮನುಷ್ಯರನ್ನು ಅಳೆಯುವುದಿಲ್ಲ. ಮೀಟರನ್ನು ಮಾತ್ರ ಓದುತ್ತೇನೆ. ಅದನ್ನೂ ಕೈಯಲ್ಲೇ.

ಮೀಟರ್ ಓದುವುದು ಸುಲಭ, ಆದರೆ ಒಂದು ಸಲ ಬಗ್ಗಿ ನೋಡಬೇಕು. ಸಾಮಾನ್ಯವಾಗಿ ಕಪ್ಪು ಅಂಕಿಗಳು ಘನ ಮೀಟರ್ ತೋರಿಸುತ್ತವೆ. ಒಂದು ಘನ ಮೀಟರ್ ಅಂದರೆ 1,000 ಲೀಟರ್. ಅದರ ಪಕ್ಕದ ಕೆಂಪು ಅಂಕಿಗಳು ಅದಕ್ಕಿಂತ ಕೆಳಗಿನ ಲೆಕ್ಕ. ಮೂರು ಕೆಂಪು ಅಂಕಿ ಇದ್ದರೆ ಕೊನೆಯದು ಒಂದೊಂದೇ ಲೀಟರ್. ಕೆಲವು ಮೀಟರ್‌ಗಳಲ್ಲಿ ಕೆಂಪು ಅಂಕಿ ಬದಲು ಪುಟ್ಟ ಕೆಂಪು ಮುಳ್ಳುಗಳಿರುತ್ತವೆ. ಮುಳ್ಳಿನ ಪಕ್ಕದಲ್ಲಿ 0.001 ಅಂತ ಇದ್ದರೆ ಅದು ಲೀಟರ್ ಮುಳ್ಳು. ನಡುವೆ ನಕ್ಷತ್ರದ ಹಾಗೋ ತ್ರಿಕೋನದ ಹಾಗೋ ಒಂದು ಚಕ್ರ ಇರುತ್ತದೆ. ಎಲ್ಲ ನಲ್ಲಿ ಮುಚ್ಚಿದ ಮೇಲೂ ಅದು ತಿರುಗುತ್ತಿದೆ ಅಂದರೆ ನೀರು ಎಲ್ಲಿಗೋ ಹೋಗುತ್ತಿದೆ. ಇಷ್ಟಕ್ಕೆ ಕಂಪ್ಯೂಟರೇ ಬೇಡ.

ಹಾಗಾದರೆ ಕಂಪ್ಯೂಟರ್ ಯಾಕೆ? ನೆನಪಿಗೆ. ಮೀಟರ್‌ಗೆ ಈಗಿನ ಸಂಖ್ಯೆ ಮಾತ್ರ ಗೊತ್ತು. ನಿನ್ನೆ ರಾತ್ರಿ ಏನಾಯಿತು ಅಂತ ಕೇಳಿದರೆ ಅದರ ಹತ್ತಿರ ಉತ್ತರ ಇಲ್ಲ.

ನನ್ನ ಎರಡನೇ ಪ್ರೋಗ್ರಾಮ್ ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಬರೆದದ್ದು, ಸುಮಾರು 80 ಸಾಲು. ಡೇಟಾ ಇರುವುದು ಒಂದು ಎಸ್‌ಕ್ಯೂಲೈಟ್ ಫೈಲ್‌ನಲ್ಲಿ, ಅಂದರೆ ಇಡೀ ಡೇಟಾಬೇಸ್ ಒಂದೇ ಫೈಲ್‌ನಲ್ಲಿ. ಪೈಥಾನ್ ಬರದಿದ್ದರೆ ಸ್ಪ್ರೆಡ್‌ಶೀಟ್ ಸಾಕು. 1979ರಲ್ಲಿ ವಿಸಿಕ್ಯಾಲ್ಕ್ ಅನ್ನುವ ಸ್ಪ್ರೆಡ್‌ಶೀಟ್ ಪ್ರೋಗ್ರಾಮ್ ಬಂದಾಗ ಎಷ್ಟೋ ಜನ ಆಪಲ್ 2 ಕಂಪ್ಯೂಟರ್ ಕೊಂಡದ್ದೇ ಇಂಥ ಸಾಲು-ಕಂಬದ ಲೆಕ್ಕಕ್ಕೆ. ಆ ವಿಚಾರ ಇವತ್ತಿಗೂ ಹಳತಾಗಿಲ್ಲ.

ಟೇಬಲ್‌ನಲ್ಲಿ ಎರಡೇ ಕಂಬ: ಸಮಯ, ಮೀಟರ್ ರೀಡಿಂಗ್. ಬೇರೆ ಏನೂ ಇಲ್ಲ. 'ಇವತ್ತು ಇಷ್ಟು ಲೀಟರ್ ಬಳಸಿದೆವು' ಅಂತ ಬರೆದಿಡಬೇಡಿ. ಅದು ಕಳೆದು ತೆಗೆಯಬಹುದಾದ ಸಂಖ್ಯೆ, ಕಂಪ್ಯೂಟರ್ ತೆಗೆಯಲಿ. ನೀವು ಬರೆದಿಡಬೇಕಾದ್ದು ಕಣ್ಣಿಗೆ ಕಂಡದ್ದು ಮಾತ್ರ. ಆಮೇಲೆ ಎಲ್ಲಾದರೂ ತಪ್ಪು ಸಿಕ್ಕಿದರೆ ಆ ಒಂದು ಸಾಲು ತಿದ್ದಿದರೆ ಸಾಕು, ಮುಂದಿನದೆಲ್ಲ ತಾನೇ ಸರಿಯಾಗುತ್ತದೆ. ಒಂದು ದಿನ ಓದಲು ಮರೆತಿರಾ? ಬಿಟ್ಟುಬಿಡಿ. ಸೊನ್ನೆ ತುಂಬಬೇಡಿ. ಎರಡು ದಿನದ ನೀರು ಒಟ್ಟಿಗೆ ಬರುತ್ತದೆ, ಅದನ್ನು ಗಂಟೆಗಳಿಂದ ಭಾಗಿಸಿದರೆ ಆಯಿತು.

ಇಲ್ಲೂ ನಾನು ಸೋಮಾರಿತನ ಮಾಡಿದೆ. ಎಲ್ಲ ಅಂಕಿ ಯಾಕೆ ಟೈಪ್ ಮಾಡಬೇಕು, ಮೂರು ಕೆಂಪು ಅಂಕಿ ಸಾಲದೇ ಅಂದುಕೊಂಡೆ. ಎರಡನೇ ದಿನವೇ ಪ್ರೋಗ್ರಾಮ್ ಹೇಳಿತು: ನಿನ್ನೆ ನಿಮ್ಮ ಮನೆ ಮೈನಸ್ 380 ಲೀಟರ್ ಬಳಸಿದೆ. ಅಂದರೆ ನಾವೇ ಪೈಪಿಗೆ ನೀರು ವಾಪಸ್ ಕೊಟ್ಟ ಹಾಗೆ! ನಿಜವಾಗಿ ಬಳಸಿದ್ದು 620. ಕೆಂಪು ಅಂಕಿಗಳು 999 ದಾಟಿ ಮತ್ತೆ 000ಕ್ಕೆ ಬಂದಿದ್ದವು, ಅಷ್ಟೇ. ಅವತ್ತಿನಿಂದ ಪೂರ್ತಿ ಸಂಖ್ಯೆ ಟೈಪ್ ಮಾಡುತ್ತೇನೆ. ಹಿಂದಿನ ರೀಡಿಂಗ್‌ಗಿಂತ ಕಡಿಮೆ ಬಂದರೆ ಪ್ರೋಗ್ರಾಮ್ ಅದನ್ನು ಒಪ್ಪುವುದೇ ಇಲ್ಲ.

ಇನ್ನೊಂದು ತಪ್ಪು ಎಲ್ಲರಿಗೂ ಆಗುತ್ತದೆ: ಅಕ್ಕಪಕ್ಕದ ಎರಡು ಅಂಕಿ ಅದಲು ಬದಲು. 1423 ಇದ್ದದ್ದು 1432 ಆಗುತ್ತದೆ. ಲೆಕ್ಕಪತ್ರ ಬರೆಯುವವರಿಗೆ ಇದರ ಗುಟ್ಟು ಗೊತ್ತು. ಹೀಗೆ ಅದಲು ಬದಲಾದಾಗ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಹಾಗಾಗಿ ಯಾವುದಾದರೂ ದಿನದ ಬಳಕೆ ವಿಚಿತ್ರವಾಗಿ ಜಾಸ್ತಿ ಆಗಿ, ಮರುದಿನ ಅಷ್ಟೇ ಕಡಿಮೆ ಆದರೆ ಸೋರಿಕೆ ಹುಡುಕುವ ಮೊದಲು ಒಂದು ಸಲ 9ರಿಂದ ಭಾಗಿಸಿ ನೋಡಿ.

ಈಗ ಮುಖ್ಯ ವಿಷಯ. ದಿನಕ್ಕೆ ಒಂದು ಸಲ ಓದಿದರೆ ನಿಮಗೆ ಒಂದು ಮೊತ್ತ ಸಿಗುತ್ತದೆ. 620 ಲೀಟರ್. ಇದು ಜಾಸ್ತಿಯಾ, ಕಡಿಮೆಯಾ? ನಾಲ್ಕರಿಂದ ಭಾಗಿಸಿದರೆ ತಲೆಗೆ 155. ಮೂಲ ಅಗತ್ಯಗಳಿಗೆ ಒಬ್ಬರಿಗೆ ದಿನಕ್ಕೆ 50ರಿಂದ 100 ಲೀಟರ್ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಸರಿ, ನಮ್ಮದು ಜಾಸ್ತಿ. ಆದರೆ ಏನು ಮಾಡಬೇಕು ಅಂತ ಆ ಸಂಖ್ಯೆ ಹೇಳುವುದಿಲ್ಲ. ಅದನ್ನು ನೋಡಿ ಮಾಡಬಹುದಾದ್ದು ಒಂದೇ, ಮನೆಯವರ ಮೇಲೆ ರೇಗುವುದು. ಅದನ್ನು ನಾನು ಮೊದಲ ಪ್ರೋಗ್ರಾಮ್‌ನಲ್ಲೇ ಮಾಡಿ ಮುಗಿಸಿದ್ದೆ.

ದಿನಕ್ಕೆ ಎರಡು ಸಲ ಓದಿ. ಮಲಗುವ ಮೊದಲು ಒಮ್ಮೆ, ಎದ್ದ ಕೂಡಲೇ ಒಮ್ಮೆ. ಆಗ ಎರಡನೇ ಸಂಖ್ಯೆ ಸಿಗುತ್ತದೆ: ಎಲ್ಲರೂ ಮಲಗಿದ್ದಾಗ ಮನೆ ಬಳಸಿದ ನೀರು. ಇದು ಸೊನ್ನೆ ಇರಬೇಕು. ಅಥವಾ ಯಾರೋ ಒಬ್ಬರು ಎದ್ದು ಬಚ್ಚಲಿಗೆ ಹೋಗಿ ಬಂದಷ್ಟು. ಇಡೀ ಪ್ರೋಗ್ರಾಮ್‌ನಲ್ಲಿ ನನಗೆ ಬೇಕಾದ ಸಂಖ್ಯೆ ಇದೊಂದೇ. ಊರಿಗೆ ನೀರು ಕೊಡುವ ಇಂಜಿನಿಯರುಗಳು ಇಡೀ ಬಡಾವಣೆಗೆ ಮಾಡುವುದೂ ಇದನ್ನೇ. ನಡುರಾತ್ರಿ ಹರಿವು ಎಷ್ಟು ಕಡಿಮೆಗೆ ಇಳಿಯುತ್ತದೆ ಅಂತ ನೋಡುತ್ತಾರೆ. ಇಳಿಯದೆ ಉಳಿದದ್ದರಲ್ಲಿ ದೊಡ್ಡ ಪಾಲು ಸೋರಿಕೆ.

ನಮ್ಮ ಮನೆಯ ಮೊದಲ ರಾತ್ರಿಯ ಸಂಖ್ಯೆ: 11ರಿಂದ 5 ಗಂಟೆವರೆಗೆ 48 ಲೀಟರ್.

ನಾನು ನಂಬಲಿಲ್ಲ. ಮರುರಾತ್ರಿ 47. ಅದರ ಮರುರಾತ್ರಿ 48. ಮನುಷ್ಯರು ಇಷ್ಟು ಶಿಸ್ತಾಗಿ ನೀರು ಬಳಸುವುದಿಲ್ಲ. ಲೆಕ್ಕ ಹಾಕಿ: 6 ಗಂಟೆಗೆ 48 ಅಂದರೆ ಗಂಟೆಗೆ 8 ಲೀಟರ್. ಸೋರಿಕೆಗೆ ಹಗಲು ರಾತ್ರಿ ಇಲ್ಲ, ಹಾಗಾಗಿ ದಿನಕ್ಕೆ 192. ನಮ್ಮ 620ರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲನ್ನು ಯಾರೂ ಬಳಸಿಯೇ ಇರಲಿಲ್ಲ. ಎರಡು ವಾರ ನಾನು ಮಗಳ ಸ್ನಾನದ ನಿಮಿಷ ಎಣಿಸುತ್ತಿದ್ದೆ ನೋಡಿ!

ಎಲ್ಲಿ ಹೋಗುತ್ತಿದೆ ಅಂತ ಗೊತ್ತಾಗಬೇಕಲ್ಲ. ಆ ಒಂದು ರಾತ್ರಿ ಹಳೆಯ ಫೋನೊಂದನ್ನು ಮೀಟರ್ ಮುಂದೆ ಕಡ್ಡಿಗೆ ಕಟ್ಟಿದೆ. ಪಕ್ಕದಲ್ಲಿ ಟಾರ್ಚ್ ಉರಿಯಲು ಬಿಟ್ಟೆ. 5 ನಿಮಿಷಕ್ಕೊಂದು ಫೋಟೋ ತೆಗೆಯುವಂತೆ ಆಪ್ ಹೊಂದಿಸಿದೆ. ಬೆಳಿಗ್ಗೆ 72 ಫೋಟೋ. ಅಷ್ಟನ್ನೂ ನೋಡಿ ಟೈಪ್ ಮಾಡಲು ಅರ್ಧ ಗಂಟೆ ಹಿಡಿಯಿತು. ಗ್ರಾಫ್ ತೆಗೆದಾಗ ಗೆರೆ ಒಂದೇ ಸಮನೆ ಏರುತ್ತಿರಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿತ್ತು. ಎರಡು ಮೂರು ಫೋಟೋಗಳಲ್ಲಿ ಮೀಟರ್ ಅಲುಗಾಡುವುದಿಲ್ಲ, ಆಮೇಲೆ ಒಂದೇ ಸಲ 2 ಲೀಟರ್ ಏರುತ್ತದೆ. ಮತ್ತೆ 15 ನಿಮಿಷ ಮೌನ. 24 ಮೆಟ್ಟಿಲು.

ನಲ್ಲಿ ತೊಟ್ಟಿಕ್ಕುವುದು ಹೀಗಿರುವುದಿಲ್ಲ. ಪೈಪಿನ ಬಿರುಕೂ ಹೀಗಿರುವುದಿಲ್ಲ. ಅವೆಲ್ಲ ಒಂದೇ ಸಮನೆ ಏರುವ ಗೆರೆ. ಸ್ವಲ್ಪ ಖಾಲಿಯಾಗಿ, ಮತ್ತೆ ತುಂಬಿ, ಸುಮ್ಮನಾಗುವ ವಸ್ತು ಮನೆಯಲ್ಲಿ ಯಾವುದು? ಫ್ಲಶ್ ಟ್ಯಾಂಕ್. ತಳದ ರಬ್ಬರ್ ಮುಚ್ಚಳ ಸರಿಯಾಗಿ ಕೂರದಿದ್ದರೆ ನೀರು ಸದ್ದಿಲ್ಲದೆ ಕಮೋಡ್‌ಗೆ ಇಳಿಯುತ್ತಾ ಇರುತ್ತದೆ. ಟ್ಯಾಂಕಿನ ಮಟ್ಟ ಒಂದಿಷ್ಟು ತಗ್ಗಿದ ಮೇಲೆ ತುಂಬುವ ವಾಲ್ವ್ ತೆರೆದುಕೊಳ್ಳುತ್ತದೆ. ಸ್ಸ್... ಅಂತ ಕೆಲವು ಸೆಕೆಂಡ್ ಸದ್ದು. ಹಗಲಿನ ಗದ್ದಲದಲ್ಲಿ ಅದು ಯಾರಿಗೂ ಕೇಳಿಸುವುದಿಲ್ಲ.

ನಮ್ಮ ಮನೆಯಲ್ಲಿ ಎರಡು ಫ್ಲಶ್ ಟ್ಯಾಂಕ್ ಇವೆ. ಎರಡರ ಮುಚ್ಚಳ ತೆಗೆದು, ಅಡುಗೆಗೆ ಬಳಸುವ ಬಣ್ಣ ನಾಲ್ಕು ಹನಿ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಟ್ಟೆ. ಒಂದರ ಕಮೋಡ್‌ನಲ್ಲಿ ನೀರು ಹಾಗೇ ಇತ್ತು. ಇನ್ನೊಂದರಲ್ಲಿ ಹಿಂಭಾಗದಿಂದ ತೆಳ್ಳಗೆ, ನೂಲಿನ ಹಾಗೆ, ಕೆಂಪು ಇಳಿದಿತ್ತು. ರಬ್ಬರ್ ಮುಚ್ಚಳ ಬಿಚ್ಚಿ ನೋಡಿದರೆ ಅಂಚು ಸೆಟೆದು, ಒಂದು ಕಡೆ ಉಗುರಿನಷ್ಟು ಮೇಲೆದ್ದಿತ್ತು. ಹೊಸದು ಹಾಕಲು ಹತ್ತು ನಿಮಿಷ. ಅವತ್ತು ರಾತ್ರಿಯ ಸಂಖ್ಯೆ: 0. ಆ ಸೊನ್ನೆ ನೋಡಿ ನನಗಾದ ಖುಷಿ ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯೇ ಆಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಮೀಟರ್ ಎಲ್ಲ ನೀರನ್ನೂ ನೋಡುವುದಿಲ್ಲ. ನೀರಿನ ಮೀಟರ್‌ಗಳಿಗೆ ಐಎಸ್‌ಒ 4064 ಅಂತ ಅಂತರರಾಷ್ಟ್ರೀಯ ಮಾನದಂಡ ಇದೆ. ಅದರ ಪ್ರಕಾರ ಪ್ರತಿ ಮೀಟರ್‌ಗೂ ಒಂದು ಕನಿಷ್ಠ ಹರಿವು ಇರುತ್ತದೆ, ಅದಕ್ಕಿಂತ ಕೆಳಗೆ ಮೀಟರ್ ಸರಿಯಾಗಿ ಓದುತ್ತದೆ ಅನ್ನುವ ಭರವಸೆ ಇಲ್ಲ. ಮೀಟರ್ ಮುಖದ ಮೇಲೆ ಕ್ಯೂ3 2.5, ಆರ್ 80 ಅಂತ ಇದ್ದರೆ 2,500ನ್ನು 80ರಿಂದ ಭಾಗಿಸಿ. ಕ್ಯೂ3 ಅಂದರೆ ಮೀಟರ್ ಸತತವಾಗಿ ತಾಳುವ ಹರಿವು, ಇಲ್ಲಿ ಗಂಟೆಗೆ 2.5 ಘನ ಮೀಟರ್, ಅಂದರೆ 2,500 ಲೀಟರ್. ಅದು ಕನಿಷ್ಠ ಹರಿವಿನ ಎಷ್ಟು ಪಟ್ಟು ಅನ್ನುವುದೇ ಆರ್. ಗಂಟೆಗೆ ಸುಮಾರು 31 ಲೀಟರ್. ನಮ್ಮ ಸೋರಿಕೆ ಸರಾಸರಿ ಗಂಟೆಗೆ 8 ಲೀಟರ್ ಇತ್ತಲ್ಲ, ಅದು ಒಂದೇ ಸಮನೆ ಹರಿಯುತ್ತಿದ್ದರೆ ಇಂಥ ಮೀಟರ್‌ನ ಚಕ್ರ ತಿರುಗದೆಯೂ ಇರಬಹುದಿತ್ತು. ಫ್ಲಶ್ ಟ್ಯಾಂಕ್ ಗುಟುಕು ಗುಟುಕಾಗಿ ಕುಡಿಯುತ್ತಿತ್ತು, ಅದಕ್ಕೇ ಸಿಕ್ಕಿಬಿತ್ತು.

ಹಾಗಾಗಿ ತೊಟ್ಟಿಕ್ಕುವ ನಲ್ಲಿಗೆ ಮೀಟರ್ ನಂಬಿಕೊಂಡು ಕೂರಬೇಡಿ. ಕೆಳಗೆ ಅಳತೆಯ ಲೋಟ ಇಡಿ. 10 ನಿಮಿಷ ಬಿಡಿ. ಎಷ್ಟು ಮಿಲಿಲೀಟರ್ ಬಂತೋ ಅದನ್ನು 144ರಿಂದ ಗುಣಿಸಿದರೆ ಒಂದು ದಿನದ್ದು. 50 ಮಿಲಿಲೀಟರ್ ಬಂದರೆ ದಿನಕ್ಕೆ 7 ಲೀಟರ್ ದಾಟಿತು. ಒಂದು ವಾಶರ್ ಬದಲಿಸುವ ಕೆಲಸ.

ತಾರಸಿಯಲ್ಲಿ ಟ್ಯಾಂಕ್ ಇರುವ ಮನೆಗಳಲ್ಲಿ ಈ ರಾತ್ರಿ ಲೆಕ್ಕ ಹೀಗೇ ನಡೆಯುವುದಿಲ್ಲ. ಮೀಟರ್ ಅಲ್ಲಿ ಹೇಳುವುದು ಟ್ಯಾಂಕ್ ಯಾವಾಗ ತುಂಬಿತು ಅನ್ನುವುದನ್ನು. ನೀವು ಯಾವಾಗ ಬಳಸಿದಿರಿ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ನನ್ನ ಗೆಳೆಯನ ಮನೆ ಅಂಥದ್ದು. ಅವನು ಟ್ಯಾಂಕಿನ ಮುಚ್ಚಳಕ್ಕೆ ಅಲ್ಟ್ರಾಸಾನಿಕ್ ಸೆನ್ಸರ್ ಸಿಕ್ಕಿಸಿದ. ಅದು ಶಬ್ದ ಕಳಿಸಿ, ನೀರಿಗೆ ಬಡಿದು ವಾಪಸ್ ಬರುವ ಸಮಯದಿಂದ ಮಟ್ಟ ಅಳೆಯುತ್ತದೆ. ಟ್ಯಾಂಕ್ ಒಂದು ಮೀಟರ್ ಅಗಲದ ಸಿಲಿಂಡರ್. ಅಂದರೆ ಮಟ್ಟ 1 ಸೆಂಟಿಮೀಟರ್ ಇಳಿದರೆ 7.85 ಲೀಟರ್ ಹೋಯಿತು ಅಂತ ಲೆಕ್ಕ.

ಎಲ್ಲ ಸರಿಯಾಗಿಯೇ ಇತ್ತು, ಒಂದು ತಮಾಷೆ ಬಿಟ್ಟು. ದಿನಾ ಮಧ್ಯಾಹ್ನ ಪಂಪ್ ಹಾಕದೆಯೇ ಅವನ ಟ್ಯಾಂಕಿನಲ್ಲಿ ನೀರು ಹೆಚ್ಚುತ್ತಿತ್ತು! ಸಂಜೆ ಮತ್ತೆ ಇಳಿಯುತ್ತಿತ್ತು. ಒಂದು ವಾರ ಅವನು ಪೈಪು, ವಾಲ್ವ್ ಎಲ್ಲ ಅನುಮಾನಿಸಿದ. ಕಾರಣ ಗಾಳಿಯಲ್ಲಿತ್ತು. ಗಾಳಿ 20 ಡಿಗ್ರಿ ಇದ್ದಾಗ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಪ್ರತಿ ಡಿಗ್ರಿಗೆ 0.6 ಮೀಟರ್ ಹೆಚ್ಚುತ್ತದೆ. ಬಿಸಿಲಿಗೆ ಟ್ಯಾಂಕಿನ ಒಳಗಿನ ಗಾಳಿ 15 ಡಿಗ್ರಿ ಕಾದರೆ ಶಬ್ದದ ವೇಗ ಶೇಕಡಾ 2.6ರಷ್ಟು ಜಾಸ್ತಿ. ಪ್ರತಿಧ್ವನಿ ಬೇಗ ಬರುತ್ತದೆ. ನೀರು ಹತ್ತಿರ ಇದೆ ಅಂತ ಪ್ರೋಗ್ರಾಮ್ ತಿಳಿದುಕೊಳ್ಳುತ್ತದೆ. ಒಂದು ಮೀಟರ್ ದೂರಕ್ಕೆ 2.6 ಸೆಂಟಿಮೀಟರ್ ತಪ್ಪು, ಅಂದರೆ 20 ಲೀಟರ್ ಇಲ್ಲದ ನೀರು. ಒಂದು ತಾಪಮಾನದ ಸೆನ್ಸರ್ ಸೇರಿಸಿ, ಒಂದು ಸಾಲಿನ ಲೆಕ್ಕ ತಿದ್ದಿದ ಮೇಲೆ ಸರಿಹೋಯಿತು.

ಮೀಟರ್ ಓದುವುದನ್ನೂ ಯಂತ್ರಕ್ಕೆ ಬಿಡಬಹುದು. ಕೆಲವು ಮೀಟರ್‌ಗಳಲ್ಲಿ ಆಯಸ್ಕಾಂತ ಇರುತ್ತದೆ, ಅದು ಸುತ್ತಿದಾಗಲೆಲ್ಲ ರೀಡ್ ಸ್ವಿಚ್ ಒಂದು ಸಲ ಮುಚ್ಚಿ ತೆರೆಯುತ್ತದೆ. ಅದನ್ನು ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್‌ಗೆ ಜೋಡಿಸಿ ಎಣಿಸಬಹುದು. ಸ್ವಿಚ್ ಮುಚ್ಚುವಾಗ ನಡುಗುತ್ತದೆ, ಒಂದು ಎಣಿಕೆ ಮೂರಾಗುತ್ತದೆ. ಹಾಗಾಗಿ ಒಂದು ಎಣಿಕೆ ಆದ ಮೇಲೆ ಸೆಕೆಂಡಿನ ಸಣ್ಣ ಭಾಗದಷ್ಟು ಹೊತ್ತು ಬೇರೆ ಏನು ಬಂದರೂ ಕಡೆಗಣಿಸಬೇಕು. ಅಂಕಿಗಳನ್ನು ಕ್ಯಾಮೆರಾದಿಂದ ಓದಿಸುವ ತೆರೆದ ಆಕರದ (ಓಪನ್ ಸೋರ್ಸ್) ಪ್ರಾಜೆಕ್ಟ್‌ಗಳೂ ಇವೆ. ಮನೆಯ ಯಂತ್ರಗಳನ್ನು ನೋಡಿಕೊಳ್ಳುವ ಹೋಮ್ ಅಸಿಸ್ಟೆಂಟ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡಿದ್ದರೆ ಅದರ ಎನರ್ಜಿ ಡ್ಯಾಶ್‌ಬೋರ್ಡ್‌ನಲ್ಲಿ ನೀರಿಗೂ ಜಾಗವಿದೆ. ಆದರೆ ನನ್ನ ಮಾತು ಕೇಳಿ, ಮೊದಲ ಒಂದು ತಿಂಗಳು ಕೈಯಲ್ಲೇ ಓದಿ. ಸೆನ್ಸರ್ ಹಾಕುವವರಲ್ಲಿ ಜಾಸ್ತಿ ಜನ ಸೆನ್ಸರ್ ಜೊತೆ ಒದ್ದಾಡುವುದರಲ್ಲೇ ನೀರನ್ನು ಮರೆತುಬಿಡುತ್ತಾರೆ. ನಾನೂ ಒಬ್ಬ.

ಸೋರಿಕೆ ನಿಂತ ಮೇಲೆ ನಮ್ಮ ದಿನದ ಬಳಕೆ 430ರ ಹತ್ತಿರ ಬಂತು. ಇನ್ನು ಉಳಿದದ್ದು ನಿಜವಾದ ಬಳಕೆ. ಇದರಲ್ಲಿ ಏನು ಕಡಿಮೆ ಮಾಡಬಹುದು? ಇಲ್ಲೂ ಒಂದೊಂದೇ ವಸ್ತುವನ್ನು ಅಳೆದೆ. ಶವರ್ ಕೆಳಗೆ ಬಕೆಟ್ ಇಟ್ಟು ಗಡಿಯಾರ ನೋಡಿದೆ: ನಿಮಿಷಕ್ಕೆ 10 ಲೀಟರ್. ಶವರ್‌ನ ತಲೆ ಬದಲಿಸಿ ನಿಮಿಷಕ್ಕೆ 7 ಲೀಟರಿನದು ಹಾಕಿದೆ. ಇಬ್ಬರು ಎಂಟೆಂಟು ನಿಮಿಷ ನಿಂತರೆ ದಿನಕ್ಕೆ 48 ಲೀಟರ್ ಉಳಿಯಿತು. ಯಾರಿಗೂ ಬೇಗ ಹೊರಗೆ ಬಾ ಅಂತ ಹೇಳಬೇಕಾಗಲಿಲ್ಲ.

ಫ್ಲಶ್ ಟ್ಯಾಂಕುಗಳು ಹಳೆಯವು, ದೊಡ್ಡವು. ಅರ್ಧ ಮತ್ತು ಪೂರ್ತಿ ಅಂತ ಎರಡು ಗುಂಡಿಯ ಫ್ಲಶ್ ಆಸ್ಟ್ರೇಲಿಯಾದ ಕರೋಮಾ ಕಂಪನಿಯಿಂದ ಬಂದದ್ದು 1980ರಲ್ಲಿ. ಆಗ ಅದು 11 ಲೀಟರ್ ಮತ್ತು 5.5 ಲೀಟರ್. ಈಗಿನವು 6 ಮತ್ತು 3ರ ಆಸುಪಾಸು. ಪೂರ್ತಿ ಬದಲಿಸುವಷ್ಟು ಉತ್ಸಾಹ ನಮಗಿರಲಿಲ್ಲ. ನೀರು ತುಂಬಿದ ಒಂದು ಲೀಟರ್ ಬಾಟಲಿಯನ್ನು ಟ್ಯಾಂಕಿನೊಳಗೆ ನಿಲ್ಲಿಸಿದೆವು. ದಿನಕ್ಕೆ 20 ಫ್ಲಶ್, 20 ಲೀಟರ್ ಉಳಿತಾಯ. ಇಟ್ಟಿಗೆ ಇಡಬೇಡಿ, ಅದು ಕರಗಿ ಪುಡಿಯಾಗಿ ಆ ರಬ್ಬರ್ ಮುಚ್ಚಳದ ಕೆಳಗೇ ಸೇರುತ್ತದೆ. ಬಾಟಲಿ ಇಟ್ಟ ಮೇಲೆ ಜನ ಎರಡೆರಡು ಸಲ ಫ್ಲಶ್ ಮಾಡತೊಡಗಿದರೆ ತೆಗೆದುಬಿಡಿ. ಗ್ರಾಫ್‌ನಲ್ಲಿ ಅದು ಕಾಣಿಸುತ್ತದೆ.

ಬಿಸಿನೀರು ಬರುವವರೆಗೆ ಹರಿಯಲು ಬಿಡುವ ತಣ್ಣೀರಿನ ಬಗ್ಗೆ ನನಗೆ ದೊಡ್ಡ ಅನುಮಾನ ಇತ್ತು. ಲೆಕ್ಕ ಹಾಕಿದರೆ 15 ಮಿಲಿಮೀಟರ್ ಒಳ ಅಗಲದ ಪೈಪ್ 10 ಮೀಟರ್ ಉದ್ದ ಇದ್ದರೂ ಒಳಗಿರುವುದು 2 ಲೀಟರ್‌ಗೂ ಕಡಿಮೆ. ಬಕೆಟ್ ಹಿಡಿದು ನೋಡಿದರೆ ಪೈಪೇ ಬಿಸಿಯಾಗಬೇಕಾದ್ದರಿಂದ ಇನ್ನೂ ಸ್ವಲ್ಪ ಜಾಸ್ತಿ ಬಂತು. ಗಿಡಕ್ಕೆ ಹಾಕುತ್ತೇವೆ, ಅಷ್ಟೇ. ಅದರ ಹಿಂದೆ ಬೀಳುವಷ್ಟು ದೊಡ್ಡದಲ್ಲ.

ಹೀಗೆ 360ಕ್ಕೆ ಬಂದು ನಿಂತಿದ್ದೇವೆ. ತಲೆಗೆ 90. ವಾರದ ಸರಾಸರಿ ನೋಡುವುದಿಲ್ಲ, ನಡುವಿನ ದಿನದ ಸಂಖ್ಯೆ ನೋಡುತ್ತೇನೆ. ಏಳು ದಿನಗಳನ್ನು ಕಡಿಮೆಯಿಂದ ಜಾಸ್ತಿಗೆ ಜೋಡಿಸಿದರೆ ನಾಲ್ಕನೆಯದು. ನೆಂಟರು ಬಂದ ಒಂದು ದಿನಕ್ಕೆ ಸರಾಸರಿ ಮೇಲಕ್ಕೆ ಹಾರುತ್ತದೆ, ನಡುವಿನದು ಅಲ್ಲಾಡುವುದಿಲ್ಲ.

ಪ್ರಶ್ನೆಗಳಲ್ಲಿ ಒಬ್ಬರು, ಈ ಡೇಟಾವನ್ನು ಆನ್‌ಲೈನ್‌ನಲ್ಲಿ ಇಟ್ಟರೆ ಎಲ್ಲಿಂದ ಬೇಕಾದರೂ ನೋಡಬಹುದಲ್ವಾ ಅಂತ ಕೇಳಿದರು. ನೋಡಬಹುದು. ಬೇರೆಯವರೂ ನೋಡಬಹುದು. ನೀರಿನ ಗ್ರಾಫ್ ನೋಡಿದರೆ ನೀವು ಎಷ್ಟು ಹೊತ್ತಿಗೆ ಏಳುತ್ತೀರಿ, ಯಾವ ವಾರ ಮನೆಗೆ ಬೀಗ ಇತ್ತು ಎಲ್ಲ ಗೊತ್ತಾಗುತ್ತದೆ. ನನ್ನ ಫೈಲ್ ಮನೆಯ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗುವುದಿಲ್ಲ. ಒಂದು ಪೆನ್‌ಡ್ರೈವ್‌ಗೆ ಮಾತ್ರ ನಕಲು.

ಇನ್ನೊಬ್ಬರು ಕೇಳಿದ್ದು: ಈಗ ಆ ಪ್ರೋಗ್ರಾಮ್ ದಿನಾ ಏನು ತೋರಿಸುತ್ತದೆ?

ಒಂದೇ ಸಾಲು. 'ರಾತ್ರಿ: 0' ಅಂತ. ಚಕ್ರ, ಗುರಿ, ಹೆಸರು ಯಾವುದೂ ಇಲ್ಲ. ಶುರುವಿನಲ್ಲಿ 2 ಲೀಟರ್ ದಾಟಿದ ಕೂಡಲೇ ಅದು ಕೆಂಪಗಾಗುವಂತೆ ಮಾಡಿದ್ದೆ. ಒಂದು ಬೆಳಿಗ್ಗೆ 9 ಲೀಟರ್ ಅಂತ ಕೆಂಪು ಬಂತು. ಎರಡೂ ಟ್ಯಾಂಕಿಗೆ ಬಣ್ಣ ಹಾಕಿ, ಸಿಂಕಿನ ಕೆಳಗೆ ಟಾರ್ಚ್ ಹಿಡಿದು ಮಲಗಿ ಹುಡುಕುತ್ತಿದ್ದೆ. ಮಗಳು ಬಂದು ನಿಂತು ನೋಡಿದಳು. "ಅಪ್ಪಾ, ರಾತ್ರಿ ನಾನು ಎದ್ದಿದ್ದೆ. ಫ್ಲಶ್ ಮಾಡಿದೆ. ಅದನ್ನೂ ಬರೆಯಬೇಕಿತ್ತಾ?" ಅಂದಳು. ಈಗ ಸತತವಾಗಿ ಮೂರು ರಾತ್ರಿ ಬಂದರೆ ಮಾತ್ರ ಅದು ಕೆಂಪಗಾಗುತ್ತದೆ.